ಹಿತ್ತಲಿಗೆ ಡೆಕ್ಕಾ, ಪ್ಯಾಟಿಯೋನಾ?

(ನಮ್ಮ ಮನೆ ಗುಂಪಿನಲ್ಲಿ ಭಾನುವಾರ ನಡೆದದ್ದು. ಹಿತ್ತಲು ಎಲ್ಲರದೂ ಹೌದು, ಆದರೆ ಆ ಮನೆಯಲ್ಲಿ ಇರೋದು ಅಪ್ಪ, ಅಮ್ಮ ಮತ್ತು ನಾನು. ಬೈಗುಳ ತೆಗೆದಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ.)

ಅಣ್ಣ: ಎಲ್ಲರೂ ಈ ಫೋಟೋ ನೋಡಿ. ಡೆಕ್ ಅಂದ್ರೆ ಇದು. ಬಾಗಿಲು ತೆಗೆದರೆ ನೇರ ಹಲಗೆ ಮೇಲೆ ಕಾಲು. ಇಳಿಯೋದು ಹತ್ತೋದು ಏನೂ ಇಲ್ಲ. 10 ಅಡಿಗೆ 10 ಅಡಿ ಸಾಕು. ಬಡಗಿ ಹತ್ತಿರ ಮಾತಾಡಿಯೂ ಆಯ್ತು.

ಅಕ್ಕ: ಮಾತಾಡಿಯೂ ಆಯ್ತಾ? ಮತ್ತೆ ನಮ್ಮನ್ನು ಯಾಕೆ ಕೇಳ್ತಿದ್ದೀಯ

ಅಣ್ಣ: ವಿಚಾರಿಸಿದ್ದೇನೆ ಅಷ್ಟೇ ಅಕ್ಕ, ಮುಂಗಡ ಏನೂ ಕೊಟ್ಟಿಲ್ಲ

ಅಕ್ಕ: ನನ್ನ ವೋಟು ಪ್ಯಾಟಿಯೋಗೆ. ನೆಲಕ್ಕೆ ಕಲ್ಲು ಹಾಸಿದರೆ ಮುಗೀತು. ಮರ ಆದರೆ ಎರಡು ಮೂರು ವರ್ಷಕ್ಕೊಮ್ಮೆ ತೊಳೆದು, ಒಣಗಿಸಿ, ಉಜ್ಜಿ, ಎಣ್ಣೆನೋ ಬಣ್ಣನೋ ಹಚ್ಚಬೇಕು. ಹಚ್ಚೋದು ಯಾರು? ನೀನು ಬರೋದೇ ವರ್ಷಕ್ಕೆ ಎರಡು ಸಲ, ಅದೂ ಬ್ಯಾಗು ಬಿಚ್ಚೋದರೊಳಗೆ ವಾಪಸ್.

ನಾನು: ಹಚ್ಚೋನು ನಾನೇ. ಯಾರೂ ಕೇಳಲಿಲ್ಲ, ಸುಮ್ನೆ ಹೇಳಿದೆ.

ಅಮ್ಮ: ಡೆಕ್ ಅಂದ್ರೆ ಅಟ್ಟ ತಾನೇ. ಅಟ್ಟದ ಮೇಲೆ ಯಾಕೆ ಕೂರಬೇಕು

ಅತ್ತಿಗೆ: ಅಟ್ಟ ಅಲ್ಲ ಅತ್ತೆ, ಹೊರಗಡೆ ಒಂದು ಮರದ ಜಗಲಿ ಅಂದ್ಕೊಳ್ಳಿ

ಅತ್ತಿಗೆ: ಎಣ್ಣೆ ಹಚ್ಚೋ ರಗಳೆ ಬೇಡ ಅಂದ್ರೆ ಕಾಂಪೋಸಿಟ್ ಹಲಗೆ ಸಿಗುತ್ತದೆ. ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು. ಬಣ್ಣ ಹಚ್ಚೋದೇ ಬೇಡ.

ಅಕ್ಕ: ಅದು ಬಿಸಿಲಿಗೆ ಹೆಂಚಿನ ಥರ ಕಾಯುತ್ತದೆ ಅಮ್ಮಾ. ಗಾಢ ಬಣ್ಣದ್ದಂತೂ ಕೇಳಲೇಬೇಡ. ನಾನು ಒಬ್ಬರ ಮನೆಯಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ಕಾಲಿಟ್ಟು, ಕುಣಿದುಕೊಂಡು ಒಳಗೆ ಓಡಿದ್ದೆ. ಅಲ್ಲದೆ ಮೇಲಿನ ಹಲಗೆ ಮಾತ್ರ ತಾನೇ ಕಾಂಪೋಸಿಟ್? ಅಡಿಯ ತೊಲೆ, ಜಂತೆ ಎಲ್ಲ ಸಾಮಾನ್ಯವಾಗಿ ಮರವೇ. ಗೆದ್ದಲಿಗೆ ಅಷ್ಟು ಸಾಕು.

ಅಣ್ಣ: ಕಲ್ಲು ಹಾಸಿದರೆ ಮುಗೀತು ಅಂತೀಯಲ್ಲ, ಸಂದಿಯಲ್ಲಿ ಹುಲ್ಲು ಬರುತ್ತದೆ, ಇರುವೆ ಮರಳು ಕೆದರಿ ಗುಡ್ಡೆ ಹಾಕುತ್ತದೆ, ಒಂದೊಂದೇ ಕಲ್ಲು ಕುಸಿದು ಕುರ್ಚಿ ಲೊಡಲೊಡ ಅನ್ನುತ್ತದೆ. ಕಾಂಕ್ರೀಟ್ ಹಾಕಿದರೆ ಬಿರುಕು. ಅದನ್ನೂ ಹೇಳು.

ಭಾವ: ಮಧ್ಯೆ ಬರ್ತಿದ್ದೇನೆ, ಕ್ಷಮಿಸಿ. ಕಲ್ಲು ಕುಸಿಯೋದು ಕಲ್ಲಿನ ತಪ್ಪಲ್ಲ, ಅಡಿ ಕೆಲಸದ ತಪ್ಪು. ಮಣ್ಣು ತೆಗೆದು 4ರಿಂದ 6 ಇಂಚು ಜಲ್ಲಿಯನ್ನು ಒಂದೇ ಸಲ ಸುರಿಯದೆ ಪದರ ಪದರವಾಗಿ ಹಾಕಿ ಕುಟ್ಟಬೇಕು, ಅದರ ಮೇಲೆ 1 ಇಂಚು ಮರಳು, ಆಮೇಲೆ ಕಲ್ಲು, ಸುತ್ತ ಅಂಚು ಕಟ್ಟಬೇಕು. ಇಲ್ಲಾಂದ್ರೆ ಹೊರಗಿನ ಸಾಲು ಜರುಗುತ್ತದೆ, ಅದರ ಹಿಂದೆ ಎಲ್ಲವೂ. ಮತ್ತೆ ವಾಟ. ಅಡಿಗೆ ಕಾಲು ಇಂಚಿನಂತೆ ಮನೆಯಿಂದ ಹೊರಕ್ಕೆ ಇಳಿಜಾರು ಇರಬೇಕು. 12 ಅಡಿಗೆ 3 ಇಂಚು. ಕಣ್ಣಿಗೆ ಗೊತ್ತೂ ಆಗೋದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ.

ಅಕ್ಕ: 👆👆

ಅಣ್ಣ: ಭಾವ ನಿನ್ನ ಕಡೆಯವರೇ ಬಿಡು ಅಕ್ಕ

ನಾನು: ಎಲ್ಲರೂ ಒಂದು ನಿಮಿಷ ಸುಮ್ಮನಿರಿ. ಒಂದು ಗಂಟೆಯಿಂದ ಕೂಗಾಡ್ತಿದ್ದೀರಿ, ಒಬ್ಬರೂ ಟೇಪ್ ಹಿಡಿದಿಲ್ಲ. ನಾನು ಈಗ ಹಿತ್ತಲಲ್ಲೇ ಇದ್ದೇನೆ. ದಾರ ಕಟ್ಟಿ, ರಸಮಟ್ಟ ಇಟ್ಟು ಅಳೆದೆ. ಹೊಸ್ತಿಲು ನೆಲದಿಂದ 26 ಇಂಚು ಮೇಲಿದೆ. ಅಲ್ಲಿಂದ 12 ಅಡಿ ಹೋಗೋದರಲ್ಲಿ ನೆಲ ಇನ್ನೂ 14 ಇಂಚು ಇಳಿಯುತ್ತದೆ. ಇನ್ನೊಂದು ವಿಷಯ. ಮಳೆ ಬಂದು ಎರಡು ದಿನ ಆಯ್ತು, ಗೋಡೆ ಬುಡದಲ್ಲಿ ಇನ್ನೂ ನೀರಿದೆ, ಫೋಟೋ ಹಾಕಿದ್ದೇನೆ. ಹಿತ್ತಲೆಲ್ಲ ಹೊರಕ್ಕೆ ಇಳಿಜಾರು, ಆದರೆ ಗೋಡೆ ಪಕ್ಕದ 2 ಅಡಿ ಮಾತ್ರ ಒಳಕ್ಕೆ ಬಗ್ಗಿದೆ. ಕಡ್ಡಿ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತದೆ.

ಭಾವ: ಪಾಯ ಕಟ್ಟಿದ ಮೇಲೆ ವಾಪಸ್ ತುಂಬಿದ ಮಣ್ಣು ಅದು. ಸರಿಯಾಗಿ ಕುಟ್ಟಿರೋದಿಲ್ಲ, ವರ್ಷಗಟ್ಟಲೆ ಕೂರುತ್ತಾ ಹೋಗುತ್ತದೆ. ಅದರ ಮೇಲೆ ಹಾಗೇ ಕಲ್ಲು ಹಾಸಿದರೆ ಕಲ್ಲೂ ಗೋಡೆ ಕಡೆಗೇ ವಾಲುತ್ತದೆ.

ಅಣ್ಣ: ನೋಡಿದ್ರಾ. ಡೆಕ್.

ನಾನು: ಡೆಕ್ ಹಾಕಿದರೆ ನೀರು ಎಲ್ಲಿಗೆ ಹೋಗುತ್ತದೆ ಅಣ್ಣ? ಹಲಗೆ ಸಂದಿಯಿಂದ ಅದೇ ಗುಂಡಿಗೆ. ಈಗ ಕಣ್ಣಿಗಾದರೂ ಕಾಣುತ್ತದೆ, ಆಮೇಲೆ ಅದೂ ಇಲ್ಲ. ಗೋಡೆ ಒಳಗೆ ತೇವ ಬಂದ ಮೇಲೇ ಗೊತ್ತಾಗೋದು. ಯಾವುದೇ ಮಾಡಿ, ಮೊದಲು ಆ 2 ಅಡಿ ತುಂಬಿ, ಕುಟ್ಟಿ, ವಾಟ ಕೊಡಬೇಕು. ನಾನು ಬೆಳಿಗ್ಗೆಯಿಂದ ಹೇಳಬೇಕು ಅಂದ್ಕೊಂಡದ್ದು ಇದೊಂದೇ.

ಅಕ್ಕ: ಸರಿ. ಹಾಗಾದರೆ ತುಂಬಿಸೋದೇ ಆದರೆ ಹೊಸ್ತಿಲ ತನಕ ತುಂಬಿಸಿ ಮೇಲೆ ಕಲ್ಲು ಹಾಸೋಣ. ಮೆಟ್ಟಿಲೂ ಬೇಡ.

ಭಾವ: ಆಗೋದಿಲ್ಲ. ಗೋಡೆಗೆ ಒತ್ತಿ ಅಷ್ಟು ಮಣ್ಣು ಏರಿಸಿದರೆ ತೇವ ತಡೆಯುವ ಪದರ ಮಣ್ಣಿನೊಳಗೆ ಹೂತುಹೋಗುತ್ತದೆ. ಹೊರಗಿನ ನೆಲ ಅದಕ್ಕಿಂತ 6 ಇಂಚಾದರೂ ಕೆಳಗೆ ಇರಬೇಕು. ಮತ್ತೆ 12ಕ್ಕೆ 12 ಅಡಿ ಜಾಗ, ಎರಡಡಿ ಎತ್ತರ ಅಂದ್ರೇನೇ 288 ಘನ ಅಡಿ ಮಣ್ಣು. ಇಳಿಜಾರಿಗೆ ಇನ್ನೂ ಜಾಸ್ತಿ. ಅದನ್ನು ಹಿಡಿದು ನಿಲ್ಲಿಸೋಕೆ ತಡೆಗೋಡೆ ಬೇರೆ.

ಅಕ್ಕ: ನೀವು ಯಾರ ಕಡೆ?

ಭಾವ: 🙏

ಅಮ್ಮ: ಕೆಳಗೆ ಹಾಸಿದರೆ ನನಗೆ ಎಷ್ಟು ಮೆಟ್ಟಿಲು

ನಾನು: ಆರೂವರೆ ಇಂಚಿನದ್ದು ಆದರೆ ನಾಲ್ಕು ಸಲ ಕಾಲು ಎತ್ತಿ ಇಡಬೇಕು ಅಮ್ಮ

ಅಮ್ಮ: ನನ್ನ ಮಂಡಿ ಕೇಳಿ ಹೇಳು

ಅಣ್ಣ: ಕೇಸ್ ಮುಗೀತು 😎

ಅಕ್ಕ: ಮುಗೀಲಿಲ್ಲ. ಆ ತುದಿಯಲ್ಲಿ ನಿನ್ನ ಡೆಕ್ಕು ನೆಲದಿಂದ ಮೂರು ಅಡಿಗಿಂತ ಜಾಸ್ತಿ ಮೇಲೆ ಇರುತ್ತದೆ. ನಿನ್ನ ಫೋಟೋದಲ್ಲಿ ಕಟಕಟೆನೇ ಇಲ್ಲ. ಮಕ್ಕಳು ಬಿದ್ದರೆ?

ಭಾವ: ಕಟಕಟೆ ಬೇಕೇ ಬೇಕು. ಅಮೆರಿಕದ ಮಾದರಿ ಕಟ್ಟಡ ನಿಯಮದಲ್ಲಿ 30 ಇಂಚು ದಾಟಿದರೆ ಕಡ್ಡಾಯ, ಕಂಬಿಗಳ ನಡುವೆ 4 ಇಂಚಿನ ಚೆಂಡು ತೂರಬಾರದು. ಮಗುವಿನ ತಲೆ ಸಿಕ್ಕಿಕೊಳ್ಳಬಾರದು ಅಂತ. ಇನ್ನೊಂದು, ಬಡಗಿ ಗೋಡೆಗೆ ಮರದ ಪಟ್ಟಿ ಹೊಡೆದು ಅದಕ್ಕೆ ಡೆಕ್ ನೇತುಹಾಕ್ತೀನಿ ಅಂದನಾ?

ಅಣ್ಣ: ಹೌದು, ಮೊಳೆ ಹೊಡೆದು. ಒಂದು ಸಾಲು ಕಂಬದ ಖರ್ಚು ಉಳಿಯುತ್ತದೆ ಅಂದ.

ಭಾವ: ಬೇಡವೇ ಬೇಡ. ಡೆಕ್ ಕುಸಿದು ಜನ ಬಿದ್ದ ಎಷ್ಟೋ ಪ್ರಕರಣದಲ್ಲಿ ಕಿತ್ತು ಬಂದದ್ದು ಆ ಗೋಡೆ ಪಟ್ಟಿಯೇ. ಮೊಳೆ ನಂಬೋದಲ್ಲ, ಬೋಲ್ಟ್ ಬೇಕು, ಪಟ್ಟಿ ಹಿಂದೆ ನೀರು ಇಳಿಯದ ಹಾಗೆ ಮೇಲೆ ತಗಡೂ ಬೇಕು. ನಮ್ಮ ಗೋಡೆ ಬುಡ ಮೊದಲೇ ಒದ್ದೆ. ಅದಕ್ಕೆ ಗೋಡೆ ಮುಟ್ಟದೆ ನಾಲ್ಕೂ ಕಡೆ ಸ್ವಂತ ಕಂಬದ ಮೇಲೆ ನಿಲ್ಲಿಸಿದರೆ ನೆಮ್ಮದಿ. ಕಂಬ ಮಣ್ಣಲ್ಲಿ ಹೂಳಬೇಡಿ, ಕಾಂಕ್ರೀಟ್ ಮೇಲೆ ಕಬ್ಬಿಣದ ಶೂ (ಕಂಬದ ಬುಡ ಹಿಡಿಯೋ ಹಿಡಿಕೆ) ಇಟ್ಟು ಅದರಲ್ಲಿ ಕೂರಿಸಿ.

ಅಣ್ಣ: ಸರಿ ಭಾವ, ಅದನ್ನ ಹೇಳ್ತೀನಿ

ಅಕ್ಕ: ಬಣ್ಣ ಹಚ್ಚೋದು?

ಅಣ್ಣ: ನಾನೇ ಬಂದು ಹಚ್ತೀನಿ ಮಾರಾಯ್ತಿ

ಅಕ್ಕ: ಪಿನ್ ಮಾಡಿದ್ದೇನೆ 📌

ಅಪ್ಪ: (ಫೋಟೋ)

ಅಪ್ಪ: ನಾಲ್ಕು ಗೂಟ ಹೊಡೆದು 10 ಅಡಿಗೆ 10 ಅಡಿ ಹಗ್ಗ ಕಟ್ಟಿದ್ದೇನೆ. ಒಳಗಿನ ಮೇಜು, ನಾಲ್ಕು ಕುರ್ಚಿ ತಂದು ಇಟ್ಟೆವು. ನಿಮ್ಮಮ್ಮ ಏಳೋಕೆ ಅಂತ ಕುರ್ಚಿ ಹಿಂದಕ್ಕೆ ತಳ್ಳಿದಳು. ಹಿಂದಿನ ಎರಡು ಕಾಲು ಹಗ್ಗದ ಆಚೆ.

ಅತ್ತಿಗೆ: ಅಯ್ಯೋ ಮಾವ

ಅಣ್ಣ: 12 ಮಾಡೋಣ ಹಾಗಾದರೆ

ಅಕ್ಕ: 12 ಅಂದ್ರೆ ದಾಸವಾಳದ ಗಿಡ ಹೋಗುತ್ತದೆ. ನಾನು ನೆಟ್ಟದ್ದು.

ಅಣ್ಣ: ಗಿಡ ಉಳಿಸಿ ಸುತ್ತ ಹಲಗೆ ಕತ್ತರಿಸಬಹುದು ಅಕ್ಕ

ಅಕ್ಕ: ಕತ್ತರಿಸು, ನೋಡ್ತೀನಿ

ನಾನು: ಅಪ್ಪ, ಹಗ್ಗ ಹಾಗೇ ಇರಲಿ. ಬೆಳಿಗ್ಗೆ 12 ಅಡಿಗೆ ಕಟ್ಟಿ ಮತ್ತೆ ಕೂತು ನೋಡೋಣ.

ಅಮ್ಮ: ಅದು ನನ್ನ ಬಟ್ಟೆ ಒಣಗಿಸೋ ಹಗ್ಗ. ರಾತ್ರಿಯೊಳಗೆ ವಾಪಸ್ ಕಟ್ಟಿ