ಮೆಕಾನಮ್ ರೋಬೋ ಅಡ್ಡ ಹೋಗುವಾಗ ತಿರುಗ್ತಿದೆ, ಡ್ರೈವೇ ಬದಲಾಯಿಸಬೇಕಾ?

ಬೋಲ್ಟು_ನಟ್ಟು:
ಎಲ್ರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಮೂರನೇ ವರ್ಷ, ನಮ್ ಕಾಲೇಜಿಂದ ರೋಬೋಕಾನ್‌ಗೆ (ಕಾಲೇಜು ಟೀಮುಗಳ ರೋಬೋ ಸ್ಪರ್ಧೆ) ಹೋಗ್ತಿರೋದು ಇದೇ ಮೊದಲ್ನೇ ಸಲ, ಹಂಗಾಗಿ ಕೇಳೋಣ ಅಂದ್ರೆ ಸೀನಿಯರ್ಸ್ ಯಾರೂ ಇಲ್ಲ. 152 ಎಂಎಂ ಮೆಕಾನಮ್ ಚಕ್ರ (ಸುತ್ತಲೂ ಓರೆಯಾಗಿ ರೋಲರ್ ಇರೋದು, ಗಾಡಿ ಅಡ್ಡಕ್ಕೂ ಓಡುತ್ತೆ) ನಾಲ್ಕು, ಪ್ಲಾನೆಟರಿ ಗೇರ್ ಮೋಟರ್ 500 ಆರ್‌ಪಿಎಂ, ಅಲ್ಯೂಮಿನಿಯಂ ಸ್ಕ್ವೇರ್ ಟ್ಯೂಬ್ ವೆಲ್ಡ್ ಮಾಡಿಸಿದ ಚಾಸಿ, ಒಟ್ಟು ತೂಕ 22 ಕೆಜಿ. ಮುಂದೆ ಹಿಂದೆ ಪರ್ವಾಗಿಲ್ಲ ಓಡುತ್ತೆ, ಆದ್ರೆ ಅಡ್ಡಡ್ಡ ಓಡಿಸಿದ್ರೆ ಮೂರು ಮೀಟರ್ ಹೋಗೋ ಅಷ್ಟರಲ್ಲಿ 25-30 ಡಿಗ್ರಿ ತಿರುಗಿ ಎಲ್ಲೋ ನೋಡ್ಕೊಂಡು ನಿಂತಿರುತ್ತೆ. ಕೋಡ್ ಬರೆಯೋನು ಜೈರೋ (ಎಷ್ಟು ತಿರುಗಿದೆ ಅಂತ ಹೇಳೋ ಸೆನ್ಸರ್) ಹಾಕಿ ಸರಿ ಮಾಡ್ತೀನಿ ಬಿಡು ಅಂತಾನೆ, ಇನ್ನೊಬ್ಬ ಎರಡು ದಿನ ಯೂಟ್ಯೂಬ್ ನೋಡಿ ಸ್ವರ್ವ್ ಡ್ರೈವ್ (ಪ್ರತಿ ಚಕ್ರಾನೂ ಬೇಕಾದ ಕಡೆ ತಿರುಗಿಸೋ ಡ್ರೈವ್) ಮಾಡೋಣ ಅಂತ ಕೂತಿದಾನೆ. ರೋಲರ್‌ಗಳೆಲ್ಲ ಮೇಲಿಂದ ನೋಡಿದ್ರೆ ಎಕ್ಸ್ ಥರಾನೇ ಇವೆ, ಅದು ಚೆಕ್ ಮಾಡಿದೀವಿ. ಏನ್ ಮಾಡೋದು?

ಪೀಣ್ಯ_ಪಾರ್ಟಿ:
ಜೈರೋ ಆಮೇಲೆ. ಮೊದಲು ಒಂದು ಎ4 ಹಾಳೆ ತಗೊಳಿ, ರೋಬೋನ ಸಮ ನೆಲದ ಮೇಲೆ ಇಟ್ಟು ಒಂದೊಂದೇ ಚಕ್ರದ ಕೆಳಗೆ ತೂರಿಸಿ ಎಳೀರಿ. ನಾಲ್ಕೂ ಕಡೆ ಒಂದೇ ಥರ ಬಿಗಿಯಾಗಿರ್ಬೇಕು. ಯಾವುದಾದ್ರೂ ಒಂದು ಕಡೆ ಹಾಳೆ ಸಲೀಸಾಗಿ ಬಂತು ಅಂದ್ರೆ ಆ ಚಕ್ರ ಸುಮ್ನೆ ಗಾಳಿ ತಿರುಗಿಸ್ತಿದೆ ಅಂತ ಅರ್ಥ.

ಊರಲ್ಲಿ ಮೂರು ಕಲ್ಲಿನ ಒಲೆ ನೋಡಿರ್ತೀರಲ್ಲ, ಮೇಲೆ ಪಾತ್ರೆ ಹೆಂಗಿಟ್ರೂ ಅಲ್ಲಾಡಲ್ಲ. ಅದಕ್ಕೇ ನಾಲ್ಕನೇ ಕಲ್ಲು ಇಟ್ಟು ನೋಡಿ, ಒಂದು ಕಲ್ಲು ದಂಡ ಆಗುತ್ತೆ. ಗಟ್ಟಿ ಚಾಸಿಗೆ ನಾಲ್ಕು ಚಕ್ರ ಹಾಕಿದಾಗ ಆಗೋದೂ ಅದೇ, ಅದರಲ್ಲೂ ವೆಲ್ಡ್ ಮಾಡಿಸಿದ್ರೆ ಬಿಸಿಗೆ ಟ್ಯೂಬ್ ಸೊಟ್ಟ ಆಗೇ ಆಗುತ್ತೆ. ಸಾಮಾನ್ಯ ಚಕ್ರದ ಗಾಡಿ ಆಗಿದ್ರೆ ಗೊತ್ತೇ ಆಗ್ತಿರ್ಲಿಲ್ಲ, ಮೆಕಾನಮ್‌ನಲ್ಲಿ ಪ್ರತಿ ಚಕ್ರಾನೂ 45 ಡಿಗ್ರಿಲಿ ಓರೆಯಾಗಿ ತಳ್ಳುತ್ತೆ, ನಾಲ್ಕರ ತಳ್ಳಾಟ ಒಂದನ್ನೊಂದು ಹೊಡೆದು ಹಾಕಿ ಉಳಿದಿದ್ದೇ ನಿಮ್ಮ ಅಡ್ಡ ಚಲನೆ, ಅದರಲ್ಲಿ ಒಬ್ಬ ಕೈ ಬಿಟ್ರೆ ಉಳಿದ ಮೂವರು ಸೇರಿ ಗಾಡಿನ ತಿರುಗಿಸಿಬಿಡ್ತಾರೆ.

ಟ್ರ್ಯಾಕ್ಟರ್ ಮುಂದಿನ ಆಕ್ಸಲ್ ಹೆಂಗಿರುತ್ತೆ ನೋಡಿ, ನಡುವೆ ಒಂದು ಪಿನ್ ಮೇಲೆ ಕೂತಿರುತ್ತೆ, ಹಳ್ಳ ಬಂದ ಕಡೆ ವಾಲುತ್ತೆ. ಮುಂದಿನ ಎರಡು ಮೋಟರ್‌ನ ಹಂಗೇ ಬೇರೆ ಟ್ಯೂಬ್‌ಗೆ ಹಾಕಿ ನಡುವೆ ಪಿವಟ್ ಕೊಡಿ. ಸ್ಪ್ರಿಂಗು ಸಸ್ಪೆನ್ಶನ್ನು ಏನೂ ಬೇಡ.

ಗೋಕುಲ_ರೋಡ್_ಲೇತ್:
ತಮ್ಮಾ, ಪೀಣ್ಯದವ್ರು ಹೇಳಿದ್ದು ಖರೇ ಐತಿ, ಅದರ ಜೋಡಿ ಚಕ್ರಾನ ಶಾಫ್ಟಿಗೆ ಹಿಡಿಯೋ ಹಬ್ ಸೈತ ನೋಡ್ರಿ. ಗ್ರಬ್ ಸ್ಕ್ರೂ (ತಲೆ ಇಲ್ಲದ ಸಣ್ಣ ಸ್ಕ್ರೂ) ಒಂದರ ಮ್ಯಾಲೆ ನಿಂತಿರೋ ಹಬ್ ನಾಕು ಸಲ ಮುಂದ-ಹಿಂದ ಜಗ್ಗಿದ್ರ ಸಡ್ಲ ಆಗತೈತಿ, ನಮ್ಮ ಟೀಮಿನ್ಯಾಗ ಮ್ಯಾಚ್ ನಡದಾಗ ಚಕ್ರ ನಿಂತು ಶಾಫ್ಟ್ ಒಂದ ತಿರಗ್ತಿತ್ತು, ಎಲ್ಲಾರೂ ಕೋಡ್ ಬೈದಿದ್ದೇ ಬೈದಿದ್ದು. ಕೀವೇ (ಜಾರದಂಗ ಕೀ ಕೂರ್ಸಾಕ ಕಚ್ಚು) ಹೊಡಸ್ರಿ, ಇಲ್ಲಂದ್ರ ಶಾಫ್ಟನ್ನ ಸುತ್ತಲೂ ಬಿಗಿ ಹಿಡಿಯೋ ಕ್ಲ್ಯಾಂಪ್ ಹಬ್ ಹಾಕ್ರಿ. ಚಕ್ರದ ಹೊರಗಿನ ಬಾಜೂಕೂ ಒಂದು ಬೇರಿಂಗ್ ಸಪೋರ್ಟ್ ಇರಲಿ, ಇಷ್ಟು ತೂಕ ಎಲ್ಲಾ ಗೇರ್‌ಬಾಕ್ಸ್ ಶಾಫ್ಟಿನ ಮ್ಯಾಲೆ ಹಾಕಬ್ಯಾಡ್ರಿ.

ಮತ್ತ 500 ಆರ್‌ಪಿಎಂ ಯಾಕ್ ಬೇಕು? ಲೆಕ್ಕಾ ಮಾಡು: 152 ಎಂಎಂ ಚಕ್ರ ಒಂದು ಸುತ್ತಿಗೆ ಸುಮಾರು 0.48 ಮೀಟರ್, 500 ಅಂದ್ರ ಸೆಕೆಂಡಿಗೆ ಹತ್ರಹತ್ರ 4 ಮೀಟರ್. 2.5 ಮೀ/ಸೆ² ಆಕ್ಸಲರೇಶನ್ ಹಿಡದ್ರ ಆ ಸ್ಪೀಡ್ ಮುಟ್ಟಾಕ 3.2 ಮೀಟರ್ ಬೇಕು, ನಿಂದರ್ಸಾಕ ಇನ್ನೊಂದು 3.2. ಒಟ್ಟು ಹತ್ರಹತ್ರ ಆರೂವರೆ ಮೀಟರ್ ಓಡಿಸಿದ್ರ ಒಂದು ಕ್ಷಣ ಟಾಪ್ ಸ್ಪೀಡ್ ಕಾಣ್ತೈತಿ, ಅಷ್ಟ! 300 ಹಾಕು, ಸೆಕೆಂಡಿಗೆ 2.4 ಮೀಟರ್ ಸ್ಪೀಡ್ ಸಾಕು. ಟಾರ್ಕು: 22 ಕೆಜಿ × 2.5 ಅಂದ್ರ 55 ನ್ಯೂಟನ್, ತ್ರಿಜ್ಯ 0.076, ಒಟ್ಟು 4.2 ನ್ಯೂಟನ್ ಮೀಟರ್, ಒಂದು ಮೋಟರಿಗೆ 10-11 ಕೆಜಿ-ಸೆಂಮೀ. ಮೆಕಾನಮ್ ರೋಲರ್ ಜಗಳಕ್ಕ ಅಂತ ಡಬಲ್ ಇಟ್ಕೋ. ಸ್ಟಾಲ್ ಟಾರ್ಕ್ (ಮೋಟರ್ ತಿರಗದ ನಿಂತಾಗಿನ ಟಾರ್ಕು) ನೋಡಿ ಖುಷಿ ಪಡಬ್ಯಾಡ, ಸತತ ಓಡೋವಾಗ ಕೊಡೋ ರೇಟೆಡ್ ನೋಡು.

ಮೈಸೂರ್_ಮೋಟರ್:
ಮೂರು ಚಕ್ರದ ಓಮ್ನಿ (ಅಂಚಲ್ಲಿ ಅಡ್ಡ ರೋಲರ್ ಇರೋ ಚಕ್ರ) ಯಾಕೆ ಯಾರೂ ಹೇಳ್ತಿಲ್ಲ? 120 ಡಿಗ್ರಿಗೆ ಒಂದು, ಮೂರೂ ಯಾವಾಗ್ಲೂ ನೆಲಕ್ಕೆ ತಾಗೇ ಇರುತ್ತೆ, ಪಿವಟ್ ತಲೆನೋವೇ ಇಲ್ಲ, ಒಂದು ಮೋಟರ್ ದುಡ್ಡೂ ಉಳಿಯುತ್ತೆ.

ಪೀಣ್ಯ_ಪಾರ್ಟಿ:
ಒಳ್ಳೇದೇ, ಆದ್ರೆ ಮೇಲೆ ಎತ್ತರದ ಮೆಕ್ಯಾನಿಸಂ ಇದ್ರೆ ಎರಡು ಚಕ್ರದ ನಡುವಿನ ಕಡೆಗೆ ಜೋರಾಗಿ ಬ್ರೇಕ್ ಹಾಕಿದಾಗ ಮುಗ್ಗರಿಸೋ ಚಾನ್ಸ್ ಜಾಸ್ತಿ. ತಗ್ಗು ರೋಬೋಗೆ ನಾನೂ ಅದನ್ನೇ ಹೇಳ್ತಿದ್ದೆ. ಇವ್ರ ಹತ್ರ ಮೆಕಾನಮ್ ಆಗ್ಲೇ ಇದೆಯಲ್ಲ.

ಕಾಫಿ_ಕೋಡ್:
ಸ್ವರ್ವ್ ಬಗ್ಗೆ ಒಂದು ಮಾತು. 2025ರ ರೋಬೋಕಾನ್ ಬ್ಯಾಸ್ಕೆಟ್‌ಬಾಲ್ ಥೀಮ್‌ಗೆ ನಾವು ಮಾಡಿದ್ವಿ, ನಾಲ್ಕು ಮಾಡ್ಯೂಲ್ ಅಂದ್ರೆ ಎಂಟು ಮೋಟರ್, ಪ್ರತಿಯೊಂದಕ್ಕೂ ಚಕ್ರ ಎತ್ತ ನೋಡ್ತಿದೆ ಅಂತ ಹೇಳೋ ಆಬ್ಸಲ್ಯೂಟ್ ಎನ್‌ಕೋಡರ್, ಸ್ಟೀರಿಂಗ್ ಗೇರ್‌ನಲ್ಲಿ ಸ್ವಲ್ಪ ಆಟ ಇದ್ರೂ ಚಕ್ರ ಓಲಾಡುತ್ತೆ. ಓಡಿದಾಗ ಸೂಪರ್, ಅಡ್ಡ ಹೋದ್ರೂ ಪೂರ್ತಿ ಗ್ರಿಪ್. ಆದ್ರೆ ಡ್ರೈವರ್ ಕೈಗೆ ರೋಬೋ ಸಿಕ್ಕಿದ್ದು ಪ್ರಯಾಣದ ಹಿಂದಿನ ವಾರ, ಅಭ್ಯಾಸನೇ ಇಲ್ದೆ ಹೋದ್ವಿ. ಮೊದಲ್ನೇ ವರ್ಷ ಬೇಡ ಕಣೋ. ಜೈರೋ ಖಂಡಿತ ಹಾಕಿ, ಆದ್ರೆ ಮೊದಲು ನಾಲ್ಕೂ ಚಕ್ರಕ್ಕೆ ಎನ್‌ಕೋಡರ್ (ಎಷ್ಟು ಸುತ್ತಿದೆ ಅಂತ ಅಳೆಯೋ ಸೆನ್ಸರ್) ಇಟ್ಟು ಬೇರೆ ಬೇರೆ ಸ್ಪೀಡ್ ಪಿಐಡಿ (ಹೇಳಿದ ಸ್ಪೀಡ್‌ನಲ್ಲೇ ಇರೋ ಹಾಗೆ ಸರಿಪಡಿಸ್ತಾ ಇರೋ ಕೋಡ್) ಮಾಡಿ. ಈಗ್ಲೇ ಜೈರೋ ಹಾಕಿದ್ರೆ ಸೊಟ್ಟ ಚಾಸಿನ ಮೋಟರ್ ಕರೆಂಟ್ ಸುಟ್ಟು ನೆಟ್ಟಗೆ ಮಾಡ್ದಂಗೆ.

ಬೋಲ್ಟು_ನಟ್ಟು:
ಅಣ್ಣಂದಿರಾ, ಅಕ್ಕಾ, ಹಾಳೆ ಎಳೆದೆ. ಮೂರು ಕಡೆ ಹರಿದೇ ಹೋಯ್ತು, ಹಿಂದಿನ ಎಡಗಡೆದು ಬೆಣ್ಣೆಲಿ ಕೂದಲು ತೆಗೆದಂಗೆ ಬಂತು! ಫೀಲರ್ ಗೇಜ್‌ನಲ್ಲಿ ಅಳೆದ್ರೆ ಒಂದೂವರೆ ಎಂಎಂ ಗ್ಯಾಪು. ವಾರ ಪೂರ್ತಿ ಕೋಡ್‌ನಲ್ಲಿ ಹುಡುಕಿದೀವಿ ನಾವು. ನೆನ್ನೆ ಮುಂದಿನ ಟ್ಯೂಬ್ ಕೊಯ್ದು ನಡುವೆ 10 ಎಂಎಂ ಬೋಲ್ಟ್ ಮೇಲೆ ಕೂರಿಸಿದ್ವಿ, ಅದೇ ಮೂರು ಮೀಟರ್‌ಗೆ ಈಗ ನಾಲ್ಕೈದು ಡಿಗ್ರಿ ಅಷ್ಟೇ ತಿರುಗ್ತಿದೆ, ಜೈರೋ ಇನ್ನೂ ಹಾಕಿಲ್ಲ. ಗೋಕುಲ ರೋಡ್ ಅಣ್ಣಾ, ನೀವಂದಂಗೆ ಒಂದು ಹಬ್ ಸಡ್ಲ ಇತ್ತು, ಅದೂ ಸಿಕ್ತು. 300 ಆರ್‌ಪಿಎಂ ಮೋಟರ್‌ಗೆ ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳಲ್ಲಿ ಕೇಳಿಸ್ತಿದೀವಿ. ಪಿವಟ್ ಬೋಲ್ಟ್‌ಗೆ ನೈಲಾಕ್ ನಟ್ (ಒಳಗೆ ನೈಲಾನ್ ರಿಂಗ್ ಇರೋ, ಸುಲಭಕ್ಕೆ ಸಡ್ಲ ಆಗದ ನಟ್) ಸಾಕಾ?

ಗೋಕುಲ_ರೋಡ್_ಲೇತ್:
ಸಾಕು. ಪೂರಾ ಬಿಗಿ ಮಾಡಬ್ಯಾಡ ಮತ್ತ, ಕೈಲೆ ಒತ್ತಿದ್ರ ಆಕ್ಸಲ್ ವಾಲಬೇಕು. ಎರಡೂ ಬಾಜೂ ವಾಷರ್ ಹಾಕು.