ಹಳೇ ಥಾರ್ ಎತ್ತರಿಸಬೇಕು: ಹಿಂದೆ ಶ್ಯಾಕಲ್ಲಾ, ಪ್ಲೇಟಾ, ಬ್ಲಾಕಾ? ಮುಂದೆ ‘ಟಕ್’ ಶಬ್ದ ಬೇರೆ

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಮಹೀಂದ್ರಾ ಥಾರ್ ಜೀಪು, ಸಿಆರ್‌ಡಿಇ (ಡೀಸೆಲ್ ಮಾಡೆಲ್), ಫೋರ್ ವೀಲ್ ಡ್ರೈವ್. ಟೈರು ಕಂಪನಿ ಕೊಟ್ಟ ಅಳತೆಯದೇ, 235/70 ಆರ್16. ವಾರವೆಲ್ಲ ಹಿಪ್ಪುನೇರಳೆ ತೋಟದ ಕೆಲಸ. ಹಿಂದೆ ಸೊಪ್ಪಿನ ಮೂಟೆಯೋ ಗೊಬ್ಬರವೋ ಏನಾದರೂ ಇದ್ದೇ ಇರುತ್ತದೆ. ಭಾನುವಾರ ಬಿಡುವಾದರೆ ಗೆಳೆಯರ ಜೊತೆ ಚಿಂತಾಮಣಿ ಕಡೆ ಬಂಡೆ ದಾರಿ.

ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಆಳವಾಗಿ ಜಾಡು ಬಿದ್ದಿದೆ, ನಡುವೆ ದಿಣ್ಣೆ. ಮಳೆ ನಿಂತು ಬಿಸಿಲು ಬಿದ್ದರೆ ಆ ದಿಣ್ಣೆ ಕಲ್ಲಾಗುತ್ತದೆ. ಗಾಡಿ ಅಡಿಯಲ್ಲಿ ಉಜ್ಜಿಕೊಂಡೇ ಹೋಗುತ್ತದೆ.

ಮೂರು ಇಂಚು ಎತ್ತಿಸೋಣ ಅಂತ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಮುಂದೆ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನಂತೆ ಗಾಡಿ ಹೊರುವ ಉಕ್ಕಿನ ಸರಳು) ಬೋಲ್ಟ್ ತಿರುಗಿಸಿ ಎತ್ತಿಕೊಟ್ಟರು, ಅರ್ಧ ಗಂಟೆ ಕೆಲಸ. ಆಮೇಲಿಂದ ಹಂಪ್ ಇಳಿಯುವಾಗ, ಗುಂಡಿಗೆ ಚಕ್ರ ಬೀಳುವಾಗ ಮುಂದಿನಿಂದ ‘ಟಕ್’ ಅಂತ ಕಬ್ಬಿಣ ಬಡಿದ ಶಬ್ದ. ಸಸ್ಪೆನ್ಷನ್ ತುಂಬಾ ಗಟ್ಟಿ ಆಗಿದೆ. ಬಾಗೇಪಲ್ಲಿ ಕಡೆ ಹೈವೇಯಲ್ಲಿ 80 ದಾಟಿದರೆ ಸ್ಟೇರಿಂಗ್ ಅತ್ತಿತ್ತ ಎಳೆಯುತ್ತದೆ. ಕೇಳಿದರೆ “ಸೆಟ್ ಆಗುತ್ತೆ, ಓಡಿಸ್ತಾ ಇರಿ” ಅಂತಾರೆ.

ಹಿಂದೆ ಇನ್ನೂ ಕೈ ಹಾಕಿಸಿಲ್ಲ. ಉದ್ದ ಶ್ಯಾಕಲ್ (ಕಮಾನಿನ ತುದಿಯನ್ನು ಚಾಸಿಸ್‌ಗೆ ತೂಗಿಸುವ ಕೊಂಡಿ), ಕಮಾನಿಗೆ (ಪ್ಲೇಟುಗಳನ್ನು ಜೋಡಿಸಿದ ಸ್ಪ್ರಿಂಗ್) ಒಂದು ಹೆಚ್ಚುವರಿ ಪ್ಲೇಟು, ಇಲ್ಲವೇ ಕಮಾನಿಗೂ ಆಕ್ಸಲ್‌ಗೂ ನಡುವೆ ಇಡುವ ಬ್ಲಾಕ್, ಹೀಗೆ ಮೂರು ದಾರಿ ಹೇಳುತ್ತಿದ್ದಾರೆ. ಯಾವುದು ಒಳ್ಳೆಯದು? ಶಾಕ್ ಅಬ್ಸಾರ್ಬರ್ ಕೂಡ ಬದಲಾಯಿಸಬೇಕಾ?

ಹಳೇ ಜಿಪ್ಸಿ (ಗೌರಿಬಿದನೂರು)

ಥಾರ್ ಮಾರಿ ಜಿಪ್ಸಿ ತಗೊಳ್ಳಿ ಅಣ್ಣ! ನಾಲ್ಕೂ ಕಡೆ ಕಮಾನು, ಹಿಂದೆ ಮುಂದೆ ಎರಡೂ ಹೌಸಿಂಗ್ (ಎಡ ಬಲ ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್ ಕೊಳವೆ). ಪ್ಲೇಟುಗಳನ್ನು ಹೌಸಿಂಗ್ ಕೆಳಗಿನಿಂದ ಮೇಲಕ್ಕೆ ಕೂರಿಸಿದರೆ ನಾಲ್ಕು ಇಂಚಿಗಿಂತ ಜಾಸ್ತಿ ಸಿಗುತ್ತದೆ. ಆಮೇಲೆ ಸ್ಟೇರಿಂಗ್ ರಾಡು, ಪ್ರೊಪೆಲ್ಲರ್ ಶಾಫ್ಟು, ಬ್ರೇಕ್ ಪೈಪು ಅಂತ ಒಂದೊಂದಾಗಿ ಖರ್ಚು ಬರುತ್ತದೆ, ಅದು ಬೇರೆ ಮಾತು.

ತಮಾಷೆಗೆ ಹೇಳಿದೆ. ನಿಮ್ಮ ಗಾಡಿ ಮುಂದೆ ಟಾರ್ಷನ್ ಬಾರ್, ಹಿಂದೆ ಕಮಾನು. ಎರಡಕ್ಕೂ ಬೇರೆ ಬೇರೆ ಔಷಧಿ.

ಕೆಮ್ಮಣ್ಣು (ಕೋಲಾರ)

ರೇಷ್ಮೆಗೂಡು ಅವರೇ, ಪಾರ್ಟ್ಸ್ ಮಾತು ಆಮೇಲೆ ಆಡೋಣ. ಮೂರು ಇಂಚು ಅನ್ನೋ ಲೆಕ್ಕ ಎಲ್ಲಿಂದ ಬಂತು? ದಿಣ್ಣೆಗೆ ತಗುಲುತ್ತಿರುವುದು ಗಾಡಿಯ ಯಾವ ಭಾಗ ಅಂತ ಮಲಗಿ ನೋಡಿದ್ದೀರಾ? ಎಷ್ಟೋ ಜನ ಇದನ್ನು ನೋಡದೆ ಗಾಡಿ ಎತ್ತರಿಸುವ ಕಿಟ್ ತರಿಸುತ್ತಾರೆ.

ಎರಡು ಕೆಲಸ ಮಾಡಿ, ದುಡ್ಡು ಖರ್ಚಿಲ್ಲ.

ಸ್ವಲ್ಪ ಸುಣ್ಣ ಗಟ್ಟಿಯಾಗಿ ಕಲಸಿಕೊಳ್ಳಿ. ಹಿಂದಿನ ಡಿಫರೆನ್ಷಿಯಲ್ ಗುಂಡಿನ (ಆಕ್ಸಲ್ ನಡುವೆ ಉಬ್ಬಿರುವ ಗೇರಿನ ಭಾಗ) ತಳ, ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ, ಎರಡೂ ಫುಟ್‌ಸ್ಟೆಪ್, ಮುಂದಿನ ಗಾರ್ಡ್, ಶಾಕ್ ಕೆಳಗೆ ಕೂತಿರುವ ಬ್ರ್ಯಾಕೆಟ್, ಎಲ್ಲಕ್ಕೂ ಬಳಿಯಿರಿ. ಒಣಗಲಿ. ದಿನಾ ಹೋಗುವ ದಾರಿಯಲ್ಲೇ, ದಿನಾ ಹಾಕುವ ಲೋಡ್ ಹಾಕಿಕೊಂಡು ಹೋಗಿ ಬನ್ನಿ. ಎಲ್ಲಿ ಸುಣ್ಣ ಹೋಗಿದೆಯೋ ಅದನ್ನು ಬರೆದುಕೊಳ್ಳಿ.

ಎರಡನೆಯದು ಆ ‘ಟಕ್’ಗೆ. ಗಾಡಿ ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಹಬ್ಬಿನ ನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯಿರಿ. ಆಮೇಲೆ ಜಾಕಿಯನ್ನು ಚಾಸಿಸ್‌ಗೆ ಕೊಟ್ಟು ಎತ್ತಿ, ಚಕ್ರ ಹಿಡಿದಿರುವ ಆರ್ಮ್‌ಗೆ ಕೊಡಬೇಡಿ. ಟೈರು ನೆಲ ಬಿಟ್ಟ ಕೂಡಲೇ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ ಎಷ್ಟು ಹೇಳಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡೋದು ಮರೀಬೇಡಿ.

ರೇಷ್ಮೆಗೂಡು

ಎರಡೂ ಮಾಡಿದೆ ಅಣ್ಣ.

ಹಿಂದಿನ ಗುಂಡಿನ ತಳದಲ್ಲಿ ಅಂಗೈ ಅಗಲ ಸುಣ್ಣ ಪೂರ್ತಿ ಹೋಗಿದೆ. ಆಯಿಲ್ ಬಿಡುವ ಪ್ಲಗ್ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿದೆ. ಬಲಗಡೆ ಫುಟ್‌ಸ್ಟೆಪ್ ಅಂಚಿನಲ್ಲೂ ಹೋಗಿದೆ. ಮಧ್ಯದ ಅಡ್ಡಪಟ್ಟಿಯಲ್ಲಿ ಒಂದು ಗೀರು ಮಾತ್ರ. ಮುಂದಿನ ಗಾರ್ಡ್ ಬಳಿದ ಹಾಗೇ ಇದೆ.

ಮುಂದೆ ನೆಲದ ಮೇಲೆ 51 ಸೆಂ.ಮೀ., ಎತ್ತಿದಾಗ 53. ಎಡ ಬಲ ಎರಡೂ ಹೆಚ್ಚು ಕಡಿಮೆ ಅಷ್ಟೇ.

ಕೆಮ್ಮಣ್ಣು

ಅರ್ಧ ಉತ್ತರ ನಿಮ್ಮ ಸುಣ್ಣದಲ್ಲೇ ಇದೆ.

ಹಿಂದಿನ ಗುಂಡು ಕೂತಿರುವುದು ಹೌಸಿಂಗ್ ಮೇಲೆ, ಹೌಸಿಂಗ್ ಕೂತಿರುವುದು ಚಕ್ರದ ಮೇಲೆ. ನೀವು ಶ್ಯಾಕಲ್ ಹಾಕಿ, ಪ್ಲೇಟ್ ಹಾಕಿ, ಬ್ಲಾಕ್ ಹಾಕಿ, ಮೂರಲ್ಲ ಆರು ಇಂಚು ಎತ್ತಿ, ಮೇಲೆ ಹೋಗೋದು ಬಾಡಿ ಮತ್ತು ಚಾಸಿಸ್ ಮಾತ್ರ. ಗುಂಡು ನೆಲದಿಂದ ಎಷ್ಟಿತ್ತೋ ಅಷ್ಟೇ ಇರುತ್ತದೆ. ಕಂಪನಿ 200 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಅಂತ ಹೇಳಿತ್ತು. ನಿಮ್ಮ ದಿಣ್ಣೆಯ ಲೆಕ್ಕದಲ್ಲಿ ಲಿಫ್ಟ್ ಹಾಕಿದ ಮೇಲೂ ಕಥೆ ಅದೇ. ಮುಂದೆ ಹಾಗಲ್ಲ. ಅಲ್ಲಿ ಡಿಫರೆನ್ಷಿಯಲ್ ಚಾಸಿಸ್‌ಗೇ ಕಟ್ಟಿದೆ, ಬಾಡಿ ಜೊತೆ ಅದೂ ಏರುತ್ತದೆ. ಆದರೆ ನಿಮಗೆ ಮುಂದೆ ಏನೂ ತಗುಲುತ್ತಲೇ ಇಲ್ಲವಲ್ಲ!

ಗುಂಡು ಎತ್ತರ ಆಗಬೇಕಾದರೆ ಟೈರು ದೊಡ್ಡದಾಗಬೇಕು, ಅದೊಂದೇ ದಾರಿ. 235/70 ಆರ್16 ಟೈರಿನ ಒಟ್ಟು ಎತ್ತರ ಸುಮಾರು 735 ಮಿ.ಮೀ. ಹಳೇ ಥಾರ್‌ಗೆ ತುಂಬಾ ಜನ ಹಾಕುವ 245/75 ಆರ್16 ತಗೊಂಡರೆ ಸುಮಾರು 774. ವ್ಯತ್ಯಾಸ 39, ಅದರಲ್ಲಿ ಅರ್ಧ ಮಾತ್ರ ಆಕ್ಸಲ್ ಕೆಳಗೆ ಸಿಗುತ್ತದೆ. ಅಂದರೆ 19 ಮಿ.ಮೀ. ಚಿಲ್ಲರೆ. ಕಡಿಮೆ ಅನಿಸಬಹುದು, ಆದರೆ ಸುಣ್ಣ ಉಜ್ಜುವ ದಾರಿಯಲ್ಲಿ ಅಷ್ಟು ಬಹಳ ದೊಡ್ಡದು. ಮೀಟರ್ 60 ತೋರಿಸುವಾಗ ನಿಜವಾಗಿ 63 ಓಡುತ್ತಿರುತ್ತೀರಿ, ಅದೊಂದು ನೆನಪಿರಲಿ.

ಫುಟ್‌ಸ್ಟೆಪ್ ಬಿಚ್ಚಿ ಮನೆಯಲ್ಲಿಡಿ. ಅಮ್ಮನವರು ಹತ್ತುವುದಕ್ಕೆ ಬೇಕು ಅಂದರೆ ಎಡಗಡೆಯದು ಮಾತ್ರ ಇರಲಿ. ಗುಂಡಿಗೆ ಒಂದು ಗಾರ್ಡ್ ಪ್ಲೇಟ್ ಹಾಕಿಸಿ, ಆ ಪ್ಲಗ್ ತಲೆ ಸವೆದು ಹೋದರೆ ಆಯಿಲ್ ಬದಲಾಯಿಸುವ ದಿನ ಗೊತ್ತಾಗುತ್ತದೆ ಕಷ್ಟ. ಇನ್ನೊಂದು: ಜಾಡಿನಲ್ಲೇ ಎರಡೂ ಚಕ್ರ ಇಳಿಸಬೇಡಿ. ಒಂದು ಚಕ್ರ ದಿಣ್ಣೆ ಮೇಲೆ, ಇನ್ನೊಂದು ಹೊರಗಿನ ಅಂಚಿನಲ್ಲಿ ಇಟ್ಟು ಓಡಿಸಿದರೆ ಗುಂಡು ಜಾಡಿನ ಮೇಲೆ ತೇಲಿಕೊಂಡು ಹೋಗುತ್ತದೆ.

ಈಗ ‘ಟಕ್’. ನಿಮ್ಮ ಮುಂದಿನ ಚಕ್ರಕ್ಕೆ ಕೆಳಗೆ ಇಳಿಯಲು ಉಳಿದಿರುವುದು ಬರೀ 2 ಸೆಂ.ಮೀ. ಚಕ್ರದ ಒಟ್ಟು ಆಟ ಎಷ್ಟು ಅನ್ನೋದು ಆರ್ಮ್ ಮತ್ತು ಅದನ್ನು ತಡೆಯುವ ರಬ್ಬರ್ ಸ್ಟಾಪರ್‌ಗಳಲ್ಲಿ ತೀರ್ಮಾನವಾಗಿರುತ್ತದೆ. ಬೋಲ್ಟ್ ತಿರುಗಿಸಿದರೆ ಆಟ ಹೆಚ್ಚಾಗುವುದಿಲ್ಲ. ಕೆಳಗಿನ ಪಾಲನ್ನು ತೆಗೆದು ಮೇಲಕ್ಕೆ ಕೊಟ್ಟ ಹಾಗೆ, ಅಷ್ಟೇ. ಗುಂಡಿ ಬಂದಾಗ ಚಕ್ರ ಇಳಿಯುತ್ತದೆ, 2 ಸೆಂ.ಮೀ.ಗೆ ಆರ್ಮ್ ಹೋಗಿ ಸ್ಟಾಪರ್‌ಗೆ ಬಡಿಯುತ್ತದೆ. ಅದೇ ನಿಮ್ಮ ಶಬ್ದ. ಓಡಿಸಿದರೆ ಅದು ಸೆಟ್ ಆಗುವುದಿಲ್ಲ, ರಬ್ಬರ್ ಪುಡಿಯಾಗುತ್ತದೆ.

ಬಾರ್ ಗಟ್ಟಿಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ಹಾಗೇನಿಲ್ಲ. ಅದರ ಮೇಲಿರುವ ಗಾಡಿಯ ಭಾರ ಮೊದಲಿನಷ್ಟೇ, ಬಾರ್ ಕೂಡ ಅದೇ. ಕುಲುಕಾಟ ಜಾಸ್ತಿ ಆಗಿರುವುದು ಸ್ಟಾಪರ್ ಬಡಿತದಿಂದ.

ಬೋಲ್ಟ್ ವಾಪಸ್ ಬಿಡಿಸಿ. ಎರಡೂ ಕಡೆ ಬೋಲ್ಟಿಗೆ ಪೇಂಟ್ ಗುರುತು ಹಾಕಿ, ಮುಂದಿನ ಚಕ್ರಗಳನ್ನು ನೆಲ ಬಿಡಿಸಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆಮೇಲೆ ತಿರುಗಿಸಬೇಕು. ಭಾರ ಇರುವಾಗ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ಇಳಿಸಿ, ಹತ್ತು ಅಡಿ ಹಿಂದೆ ಮುಂದೆ ಓಡಿಸಿ, ಬಂಪರ್ ಒತ್ತಿ ಕುಣಿಸಿ, ಆಮೇಲೆ ಅಳತೆ. ಕೆಳಕ್ಕೆ ಒಟ್ಟು ಆಟದ ಮೂರನೇ ಒಂದು ಪಾಲಾದರೂ ಇರಲಿ ಅನ್ನೋದು ನನ್ನ ಲೆಕ್ಕ. ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಎತ್ತರ ಬದಲಾದರೆ ಚಕ್ರದ ಕೋನವೆಲ್ಲ ಬದಲಾಗುತ್ತದೆ, ನಿಮ್ಮ ಸ್ಟೇರಿಂಗ್ ಎಳೆತ ಅದೇ ಇರಬೇಕು. ಡ್ರೈವ್ ಶಾಫ್ಟಿನ ರಬ್ಬರ್ ಬೂಟುಗಳನ್ನು ಟಾರ್ಚ್ ಹಿಡಿದು ನೋಡಿ, ಮಡಿಕೆಯಲ್ಲಿ ಗ್ರೀಸ್ ಜಿನುಗಿದ್ದರೆ ಈಗಲೇ ಹೊಸದು ಹಾಕಿಸಿ.

ಸ್ಪ್ಯಾನರ್ ಹನ್ನೆರಡು (ತುಮಕೂರು)

ನಾನು ಗ್ಯಾರೇಜ್ ನಡೆಸುವವನು. ಕೆಮ್ಮಣ್ಣು ಅವರು ಮುಂದಿನ ವಿಷಯ ಹೇಳಿದ್ದು ಸರಿಯಾಗಿದೆ. ಆದರೆ ಹಿಂದೆ ಏನೂ ಬೇಡ ಅನ್ನೋದನ್ನು ಒಪ್ಪಲ್ಲ. ಅವರು ದಿನಾ ಲೋಡ್ ಹಾಕುತ್ತಾರೆ, ಗಾಡಿ 2016ರದ್ದು. ಕಮಾನು ಬಾಗು ಕಳೆದುಕೊಂಡು ಕೂತಿರುತ್ತದೆ. ಅಡ್ಡಪಟ್ಟಿಗೆ ಗೀರು ಬಿದ್ದಿರೋದು, ಒಂದೇ ಕಡೆ ಫುಟ್‌ಸ್ಟೆಪ್ ತಗುಲಿರೋದು ಅದಕ್ಕೇ ಇರಬಹುದು. ಬಲಗಡೆ ಡ್ರೈವರ್, ಡೀಸೆಲ್ ಟ್ಯಾಂಕ್ ಇರೋ ಕಡೆ, ಲೋಡ್ ಎಲ್ಲ ಲೆಕ್ಕ ಹಾಕಿ. ಹಿಂದೆ ಎಡ ಬಲ ಎತ್ತರ ಅಳೆದು ನೋಡಿ, ಒಂದು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪ್ಲೇಟ್ ಸುಸ್ತಾಗಿದೆ ಅಂತ ಅರ್ಥ.

ಈಗ ಅವರು ಕೇಳಿದ ಮೂರು ದಾರಿ.

ಬ್ಲಾಕ್: ಬೇಡವೇ ಬೇಡ. ಮೊದಲನೆಯದಾಗಿ ಪ್ಲೇಟು ಹೌಸಿಂಗ್ ಮೇಲೆ ಕೂತಿರುವ ಗಾಡಿಗೆ ಮಾತ್ರ ಅದು ಎತ್ತರ ಕೊಡುತ್ತದೆ. ಕೆಳಗೆ ಕಟ್ಟಿರುವ ಗಾಡಿಗೆ ಹಾಕಿದರೆ ಗಾಡಿ ಇನ್ನೂ ಇಳಿಯುತ್ತದೆ. ಎರಡನೆಯದು, ಏರಿನಲ್ಲಿ ಲೋ ಗೇರ್ ಹಾಕಿ ಎಳೆದಾಗ ಹೌಸಿಂಗ್ ಮೂತಿ ಎತ್ತುತ್ತದೆ, ಬ್ಲಾಕ್ ಎತ್ತರ ಇದ್ದಷ್ಟೂ ಕಮಾನು ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಪದೇ ಪದೇ ಹೋಗೋದು ಹೀಗೇ.

ಉದ್ದ ಶ್ಯಾಕಲ್: ಅಗ್ಗ, ಒಂದು ಮಧ್ಯಾಹ್ನದ ಕೆಲಸ. ಆದರೆ ಎರಡು ಇಂಚು ಉದ್ದ ಮಾಡಿದರೆ ಸಿಗೋದು ಒಂದೇ ಇಂಚು, ಯಾಕೆಂದರೆ ಕಮಾನಿನ ಒಂದು ತುದಿ ಮಾತ್ರ ಇಳಿಯುತ್ತದೆ. ಜೊತೆಗೆ ಹೌಸಿಂಗ್ ಕೋನ ತಿರುಗುತ್ತದೆ. ಅರ್ಧ ಇಂಚಿನ ಸರಿಪಡಿಕೆಗೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿಗೆ ಸರಿಯಲ್ಲ.

ಪ್ಲೇಟು: ನಿಮ್ಮ ಕೆಲಸಕ್ಕೆ ಇದೇ. ಒಂದೇ ಒಂದು, ಉದ್ದನೆಯದು, ಮುಖ್ಯ ಪ್ಲೇಟಿನ ಕೆಳಗೆ ಕೂರುವಂಥದ್ದು. ಗಿಡ್ಡ ದಪ್ಪ ಪ್ಲೇಟ್ ಹಾಕಿಸಿಕೊಂಡರೆ ಅದರ ತುದಿ ಮುಟ್ಟುವ ಜಾಗದಲ್ಲೇ ಮೇಲಿನ ಪ್ಲೇಟ್ ಮುರಿಯುತ್ತದೆ. ಮೂಟೆ ಇಲ್ಲದ ದಿನ ಸ್ವಲ್ಪ ಕುಣಿಯುತ್ತೆ, ಸಹಿಸಿಕೊಳ್ಳಿ. ಲಾರಿ ಕಮಾನು ಅಂಗಡಿಯಲ್ಲಿ ಹಳೇ ಪ್ಲೇಟನ್ನೇ ಬಡಿದು ಬಾಗಿಸಿ ಕೊಡುತ್ತಾರೆ. ಸರಿಯಾಗಿ ಕಾಯಿಸಿ ಹದ ಮಾಡದೆ ತಣ್ಣಗಿರುವಾಗಲೇ ಬಡಿದದ್ದು ಮತ್ತೆ ಕೂರುತ್ತದೆ.

ಶಾಕ್ ವಿಷಯ: ಒಂದು ಇಂಚಿನೊಳಗೆ ಇದ್ದರೆ ಕಂಪನಿಯದೇ ಸಾಕಾಗಬಹುದು, ಆದರೆ ಅಳೆದು ಹೇಳಬೇಕು. ಒಂದು ಹಿಂದಿನ ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ. ಹತ್ತಿದ ಕಡೆ ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೇರದಂತೆ ತಡೆಯುವ ರಬ್ಬರ್) ಮುಟ್ಟಿದಾಗ ಶಾಕಿನ ಮೇಲಿನ ಕೆಳಗಿನ ಬೋಲ್ಟುಗಳ ನಡುವಿನ ಅಂತರ ಅಳೆಯಿರಿ, ಜೋತುಬಿದ್ದ ಕಡೆಯದನ್ನೂ ಅಳೆಯಿರಿ. ಹೊಸ ಶಾಕ್ ಪೂರ್ತಿ ಮುಚ್ಚಿದಾಗ ಮೊದಲನೆಯದಕ್ಕಿಂತ ಚಿಕ್ಕದಿರಬೇಕು, ಪೂರ್ತಿ ಬಿಚ್ಚಿದಾಗ ಎರಡನೆಯದಕ್ಕಿಂತ ಉದ್ದ ಇರಬೇಕು. ಸುಮ್ನೆ ಉದ್ದ ಶಾಕ್ ಹಾಕಿದರೆ ಬಂಪ್ ಸ್ಟಾಪಿಗೆ ಮೊದಲೇ ಶಾಕ್ ಮುಚ್ಚಿಕೊಂಡು ಒಳಗೇ ಒಡೆಯುತ್ತದೆ. ಜೋತುಬಿದ್ದ ಕಡೆ ಬ್ರೇಕ್ ಹೋಸ್ ಬಿಗಿಯಾಗಿದೆಯಾ ಅದನ್ನೂ ಆಗಲೇ ಬೆರಳಲ್ಲಿ ಅಲುಗಾಡಿಸಿ ನೋಡಿ.

ಕೆಮ್ಮಣ್ಣು

ಒಪ್ಪಿದೆ ಗುರುಗಳೇ. ಹಿಂದೆ ಕೂತ ಕಮಾನನ್ನು ಮೊದಲಿನ ಎತ್ತರಕ್ಕೆ ತರೋದು ಬೇರೆ, ಮೂರು ಇಂಚು ಎತ್ತೋದು ಬೇರೆ. ನನ್ನ ತಕರಾರು ಎರಡನೆಯದಕ್ಕೆ.

ಹಳೇ ಜಿಪ್ಸಿ

ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೂ ಗಾಡಿಗೂ ಹೊಂದಾಣಿಕೆ ತಪ್ಪುವಂತೆ ಬದಲಾವಣೆ ಮಾಡಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ಇನ್ಶೂರೆನ್ಸ್‌ನವರು ಮೊದಲು ನೋಡೋದು ಇಂಥದ್ದನ್ನೇ. ಟೈರ್ ಅಳತೆ ಬದಲಾಯಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ, ಇನ್ಶೂರೆನ್ಸ್ ಏಜೆಂಟ್ ಹತ್ತಿರ ಕೇಳಿ. ಪ್ಲೇಟು, ಫುಟ್‌ಸ್ಟೆಪ್ ವಿಷಯಕ್ಕೆ ಇಷ್ಟು ತಲೆನೋವಿಲ್ಲ ಅಂತ ನನ್ನ ಅಭಿಪ್ರಾಯ.

ರೇಷ್ಮೆಗೂಡು

ಎಲ್ಲರಿಗೂ ಥ್ಯಾಂಕ್ಸ್. ಬೇರೆ ಮೇಸ್ತ್ರಿ ಹತ್ತಿರ ಟಾರ್ಷನ್ ಬಾರ್ ಇಳಿಸಿದೆ. ಈಗ ನೆಲದ ಮೇಲೆ 47, ಎತ್ತಿದಾಗ ಅದೇ 53. ‘ಟಕ್’ ನಿಂತಿದೆ. ಅಲೈನ್‌ಮೆಂಟ್ ಆದ ಮೇಲೆ ಹೈವೇಯಲ್ಲೂ ನೇರ ಹೋಗುತ್ತಿದೆ. ಎಡಗಡೆ ಒಳಗಿನ ಬೂಟ್ ಸೀಳಿತ್ತು, ಬದಲಾಯಿಸಿದೆ. ಹಿಂದೆ ಬಲಗಡೆ 2 ಸೆಂ.ಮೀ. ಕೂತಿದೆ, ತುಮಕೂರಿನವರು ಹೇಳಿದ್ದು ನಿಜವಾಯಿತು. ಎರಡೂ ಕಡೆಗೆ ಒಂದೊಂದು ಉದ್ದ ಪ್ಲೇಟ್ ಮಾಡಿಸಲು ಕೊಟ್ಟಿದ್ದೇನೆ. ಫುಟ್‌ಸ್ಟೆಪ್ ಬಿಚ್ಚಿದೆ, ಅಮ್ಮ ಬೈದರು. ಟೈರು ಆರ್‌ಟಿಓದಲ್ಲಿ ವಿಚಾರಿಸಿದ ಮೇಲೆ, ಈಗಿನದು ಸವೆಯಲಿ.

ಒಂದೇ ಪ್ರಶ್ನೆ ಉಳಿದಿದೆ. ಪ್ಲೇಟ್ ಹಾಕುವಾಗ ಕಮಾನನ್ನು ಹೌಸಿಂಗಿಗೆ ಬಿಗಿಯುವ ಹಳೇ ಯೂ ಬೋಲ್ಟ್ ನಡೆಯುತ್ತಾ? ನೋಡಲು ಚೆನ್ನಾಗೇ ಇದೆ.

ಸ್ಪ್ಯಾನರ್ ಹನ್ನೆರಡು

ನಡೆಯಲ್ಲ. ಯೂ ಬೋಲ್ಟ್ ಒಮ್ಮೆ ಬಿಗಿಮಾಡಿದಾಗ ಎಳೆದುಕೊಂಡಿರುತ್ತದೆ, ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಇರೋದಿಲ್ಲ. ಪ್ಲೇಟ್ ದಪ್ಪ ಸೇರಿದ ಮೇಲೆ ಥ್ರೆಡ್ಡೂ ಸಾಲುವುದಿಲ್ಲ. ನಾಲ್ಕೂ ಹೊಸದು, ಸೆಂಟರ್ ಬೋಲ್ಟ್ ಕೂಡ ಹೊಸದು ಹಾಕಿಸಿ. ಶ್ಯಾಕಲ್ ಬೋಲ್ಟುಗಳನ್ನು ಗಾಡಿ ಜಾಕಿ ಮೇಲಿರುವಾಗ ಪೂರ್ತಿ ಬಿಗಿ ಮಾಡೋಕೆ ಬಿಡಬೇಡಿ. ಚಕ್ರ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆ ಬಿಗಿಮಾಡಬೇಕು, ಇಲ್ಲದಿದ್ದರೆ ಒಳಗಿನ ರಬ್ಬರ್ ಬುಶ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. 500 ಕಿ.ಮೀ. ಓಡಿದ ಮೇಲೆ ಯೂ ಬೋಲ್ಟ್ ನಟ್ಟುಗಳನ್ನು ಇನ್ನೊಂದು ಸಲ ಟಾರ್ಕ್ ಸ್ಪ್ಯಾನರ್‌ನಲ್ಲಿ ನೋಡಿಸಿ.