ಗ್ರೇಡ್, ಸ್ಟೇಜ್ ಎರಡಕ್ಕೂ ‘ಹಂತ’ವೇನಾ?

ಎಲ್ಲರಿಗೂ ನಮಸ್ಕಾರ,

ನಮ್ಮ ಚಿಕ್ಕಪ್ಪನಿಗೆ ಮೇದೋಜೀರಕ ಗ್ರಂಥಿಯಲ್ಲಿ ನ್ಯೂರೋಎಂಡೋಕ್ರೈನ್ ಗೆಡ್ಡೆ (ಹಾರ್ಮೋನು ತಯಾರಿಸುವ ಕೋಶಗಳಲ್ಲಿ ಹುಟ್ಟುವ ಗೆಡ್ಡೆ) ಇದೆ. ಬಯಾಪ್ಸಿ ವರದಿಯಲ್ಲಿ ‘ಗ್ರೇಡ್ 2’ ಅಂತಿತ್ತು. ಮನೆಯವರಿಗೆ ಓದಿ ಹೇಳುವಾಗ ನಾನೇ ‘ಎರಡನೇ ಹಂತ’ ಎಂದುಬಿಟ್ಟೆ. ಚಿಕ್ಕಮ್ಮ ನೆಂಟರಿಗೆಲ್ಲ ಫೋನ್ ಮಾಡಿ ಹಾಗೇ ಹೇಳಿದರು. ಡಾಕ್ಟರು ಬಿಡಿಸಿ ಹೇಳಿದ ಮೇಲೆ ತಪ್ಪು ಗೊತ್ತಾಯಿತು.

ಸ್ಟೇಜ್ ಅಂದರೆ ಗೆಡ್ಡೆ ಎಲ್ಲಿಯವರೆಗೆ ಹರಡಿದೆ ಅನ್ನೋದು. ಗ್ರೇಡ್ ಅಂದರೆ ಅದರ ಕೋಶಗಳು ಎಷ್ಟು ಬೇಗ ಒಂದು ಎರಡಾಗುತ್ತಿವೆ ಅನ್ನೋದು. ಇದಕ್ಕೆ ಮುಖ್ಯವಾಗಿ, ಹೀಗೆ ಎರಡಾಗುತ್ತಿರುವ ಕೋಶಗಳಲ್ಲಿರುವ ಕೆಐ-67 ಎಂಬ ಪ್ರೋಟೀನಿಗೆ ಬಣ್ಣ ಹಿಡಿಸಿ ಎಣಿಸುತ್ತಾರೆ. ನೂರು ಕೋಶಗಳಲ್ಲಿ 3ಕ್ಕಿಂತ ಕಡಿಮೆಗೆ ಬಣ್ಣ ಹತ್ತಿದರೆ ಗ್ರೇಡ್ 1, 20ರವರೆಗೆ ಗ್ರೇಡ್ 2, ಅದಕ್ಕೂ ಜಾಸ್ತಿಯಾದರೆ 3. (ಈ ‘ಕೆಐ’ ಜರ್ಮನಿಯ ಕೀಲ್ ಊರಿನಿಂದ ಬಂದದ್ದು.) ಲಿವರ್‌ಗೆ ಹರಡಿದ ಗೆಡ್ಡೆಯೂ ಗ್ರೇಡ್ 1 ಆಗಿರಬಹುದು. ಹಾಗಾಗಿ ಎರಡಕ್ಕೂ ‘ಹಂತ’ ಅನ್ನೋದು ಅಪಾಯ.

ಗ್ರೇಡಿಗೆ ‘ದರ್ಜೆ’ ಸರಿಯೇ? ‘ಮೊದಲ ದರ್ಜೆ’ ಅಂದರೆ ನನಗೆ ಪರೀಕ್ಷೆಯ ಫಲಿತಾಂಶ ನೆನಪಾಗುತ್ತದೆ. ತಮಾಷೆ ಅಂದರೆ ಇಲ್ಲೂ ಒಂದೇ ವಾಸಿ! ನನ್ನ ಮನಸ್ಸು ‘ಬಿರುಸು’ ಕಡೆಗಿದೆ. ‘ಗೆಡ್ಡೆಯ ಬಿರುಸು ಎರಡು’ ಅಂದರೆ ಚಿಕ್ಕಮ್ಮನಿಗೆ ತಟ್ಟನೆ ತಿಳಿಯುತ್ತದೆ.

ಇಂಥ ವರದಿಗಳಲ್ಲಿ ಬರುವ ಇನ್ನೂ ತೊಡಕಿನ ಮಾತು ‘ವೆಲ್ ಡಿಫರೆನ್ಷಿಯೇಟೆಡ್’. ‘ಚೆನ್ನಾಗಿ ಬೇರ್ಪಟ್ಟ’ ಅಂದರೆ ಗೆಡ್ಡೆ ಕಿತ್ತು ಬಂದಿದೆ ಅನ್ನಿಸಲ್ವಾ? ಅದರ ಅರ್ಥ ಬೇರೆಯೇ: ಕೋಶಗಳು ತಾವು ಹುಟ್ಟಿಬಂದ ಸಹಜ ಕೋಶಗಳ ಹೋಲಿಕೆಯನ್ನು ಇನ್ನೂ ಉಳಿಸಿಕೊಂಡಿವೆ ಅಂತ. ಸುಮ್ನೆ ಪದದ ಜಗಳವಲ್ಲ ಇದು. ಮೇದೋಜೀರಕದ ಗ್ರೇಡ್ 3 ಗೆಡ್ಡೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದೇ ಹೋಲಿಕೆ ನೋಡಿ ಎರಡು ಮಾಡಿತು. ಹೋಲಿಕೆ ಉಳಿದಿದ್ದರೆ ‘ಟ್ಯೂಮರ್’, ಕೆಟ್ಟಿದ್ದರೆ ‘ಕಾರ್ಸಿನೋಮ’. ಚಿಕಿತ್ಸೆಯ ದಾರಿಯೂ ಬೇರೆ. ‘ಹೋಲಿಕೆ ಉಳಿದ’, ‘ಹೋಲಿಕೆಗೆಟ್ಟ’ ಎಂದರೆ ನಡೆದೀತೇ?

ಇನ್ನೊಂದು ಸಣ್ಣ ಪ್ರಶ್ನೆ. ಗ್ಯಾಲಿಯಂ-68 ಡೋಟಾಟೇಟ್ ಎಂಬ ವಿಕಿರಣ ಸೂಸುವ ಮದ್ದು ಚುಚ್ಚಿ ತೆಗೆಯುವ ಪೆಟ್ ಸ್ಕ್ಯಾನಿನಲ್ಲಿ ಈ ಗೆಡ್ಡೆಗಳು ಹೊಳೆದು ಕಾಣುವುದು ಆ ಮದ್ದನ್ನು ಹಿಡಿದುಕೊಳ್ಳುವ, ಕೋಶಗಳ ಮೇಲಿನ ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನಿನ ರಿಸೆಪ್ಟರ್‌ಗಳಿಂದ. ರಿಸೆಪ್ಟರ್‌ಗೆ ಪುಸ್ತಕದಲ್ಲಿ ‘ಗ್ರಾಹಕ’ ಅಂತಾರೆ. ‘ನಿಮ್ಮ ಗೆಡ್ಡೆಗೆ ಗ್ರಾಹಕಗಳು ಜಾಸ್ತಿ ಇವೆಯಂತೆ’ ಎಂದೆ. ಚಿಕ್ಕಪ್ಪ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ‘ಅಂಗಡಿಗೆ ಬರಬೇಕಾದವರು ಅಲ್ಲಿಗೆ ಹೋದರಾ?’ ಎಂದು ನಕ್ಕರು. ಬೇರೆ ಪದ ಇದ್ದರೆ ತಿಳಿಸಿ.